ಸೀ ಸ್ಲಗ್ ದೊಡ್ಡದೋ, ನಮ್ ಗ್ವಾಡಿ ಹಾವಸೆನೋ

ನಮ್ ಗ್ರೂಪಿನಾಗ ಒಂದು ರೀಲ್ ಓಡಾಡಕತ್ತೈತಿ, ಬಿಸಿಲು ತಿಂದು ಬದುಕೋ ಪ್ರಾಣಿ ಅಂತ. ಎಲಿಸಿಯಾ ಕ್ಲೋರೋಟಿಕಾ ಅಂತ ಅದರ ಹೆಸರು, ಅಮೆರಿಕಾದ ಪೂರ್ವ ಕರಾವಳಿಯಾಗ ಇರೋ ಸೀ ಸ್ಲಗ್, ಅಂದ್ರ ಚಿಪ್ಪಿಲ್ಲದ ಬಸವನಹುಳು, ನೋಡಾಕ ಥೇಟ್ ಹಸಿರು ಎಲಿ. ವೌಚೇರಿಯಾ ಅನ್ನೋ ಪಾಚಿ ಎಳಿಗೆ ತೂತು ಹಾಕಿ ರಸ ಹೀರತೈತಿ, ಉಳಿದಿದ್ದೆಲ್ಲಾ ಅರಗಿಸಿಕೊಂಡು ಕ್ಲೋರೋಪ್ಲಾಸ್ಟ್, ಅಂದ್ರ ಬಿಸಿಲಿನಿಂದ ಊಟ ತಯಾರಿಸೋ ಹಸಿರು ಕಣ, ಅದನ್ನ ಮಾತ್ರ ಹಂಗ ತನ್ನ ಕೋಶದಾಗ ಇಟ್ಕೊಂತೈತಿ. ಲ್ಯಾಬಿನಾಗ ಊಟ ಕೊಡದ ಬರೀ ಬೆಳಕಿನಾಗ ಇಟ್ರೂ ತಿಂಗಳುಗಟ್ಟಲೆ ಬದುಕ್ಯಾವಂತ. ಮಸ್ತ್ ಐತಿ, ಇಲ್ಲ ಅನ್ನಂಗಿಲ್ಲ.

ಆದ್ರ ಕಳ್ಳತನದ ಮಾಲು ಮಕ್ಕಳಿಗೆ ಹತ್ತಂಗಿಲ್ರಿ. ತತ್ತಿಯಿಂದ ಬರೋ ಮರಿಗೆ ಹಸಿರೇ ಇರಂಗಿಲ್ಲ, ಅದೂ ಮತ್ತ ಪಾಚಿ ಹುಡುಕಿ ತಾನ ಕದೀಬೇಕು. ಇನ್ನ ಈ ಕುಲದ್ದ ಇನ್ನೊಂದು ಸ್ಲಗ್, ಎಲಿಸಿಯಾ ಟಿಮಿಡಾ, ಅದನ್ನ ಕತ್ತಲಾಗ ಇಟ್ಟು ನೋಡಿದ್ರ ಅಲ್ಲೂ ವಾರಗಟ್ಟಲೆ ಬದುಕಿತ್ತು, ಅಂದ್ರ ಬಿಸಿಲಿನ ಊಟ ಎಷ್ಟು ನಿಜ ಅಂತ ವಿಜ್ಞಾನಿಗಳ ನಡುವೆನೇ ಜಗಳ ಐತಿ. ರೀಲಿನಾಗ ಇದನ್ನ ಹೇಳಂಗಿಲ್ಲ ಬಿಡ್ರಿ.

ಈಗ ಬಳ್ಳಾರಿಯಾಗ ನಮ್ ಮನಿ ಟ್ಯಾಂಕ್ ಹಿಂದಿನ ಗ್ವಾಡಿ ನೋಡ್ರಿ. ಇಂಥಾ ಗ್ವಾಡಿಗೆ ಹತ್ತೋ ಹಾವಸೆಗಳಾಗ ಹಯೋಫಿಲಾ ಅಂತ ಒಂದು ಜಾತಿ ಐತಿ. ಮೇ ತಿಂಗಳ ಬಿಸಿಲಿಗೆ ಸುಟ್ಟ ಮಸಿ ಬಳದಂಗ ಕರ್ರಗ ಕುಂತಿರತೈತಿ, ಸತ್ತೈತಿ ಅಂತನ ಅನ್ಕೊಬೇಕು. ಒಂದು ಚೊಂಬು ನೀರು ಹಾಕಿ ಮೊಬೈಲಿಗೆ ಲೆನ್ಸ್ ಸಿಗಿಸಿ ನೋಡ್ರಿ, ಒಳಮುಖ ಸುರುಳಿ ಸುತ್ಕೊಂಡಿದ್ದ ಸಣ್ಣ ಸಣ್ಣ ಎಲಿ ಕಣ್ಣೆದುರಿಗೇ ಬಿಚ್ಕೊಂಡು ಹಸಿರಾಗ್ತಾವ! ಬೇರಂತೂ ಇಲ್ಲ, ಗ್ವಾಡಿ ಹಿಡ್ಕೊಳ್ಳಾಕ ನೂಲಿನಂಥ ಎಳಿ ಅಷ್ಟ, ನೀರು ಕುಡಿಯೋದು ಎಲಿ ಮೈಯಿಂದನ. ಎಲಿನೂ ಬಹಳ ಕಡೆ ಒಂದ ಕೋಶದಷ್ಟು ದಪ್ಪ, ಹಂಗಾಗಿ ನೀರು ಹಿಡಿದಿಡಾಕ ಒದ್ದಾಡಂಗಿಲ್ಲ, ಗಾಳಿ ಒಣಗಿದ್ರ ತಾನೂ ಒಣಗಿ ಕೆಲಸ ಬಂದ್ ಮಾಡಿ ಕುಂದರತೈತಿ, ನೀರು ಬಿದ್ದಾಗ ಕೆಟ್ಟಿದ್ದನ್ನ ರಿಪೇರಿ ಮಾಡ್ಕೊಂಡು ಶುರು. ಕ್ಲೋರೋಪ್ಲಾಸ್ಟ್ ಸ್ವಂತದ್ದು, ಮುಂದಿನ ಪೀಳಿಗೆಗೂ ಹೋಗತೈತಿ. ನನ್ನ ಓಟು ಇದಕ್ಕ.

ಸ್ಲಗ್ ಪರವಾಗಿ ಒಂದು ಮಾತು ಹೇಳಬೇಕಂದ್ರ, 2021ರಾಗ ಜಪಾನಿನವ್ರು ತೋರಿಸಿದ್ದು: ಎಲಿಸಿಯಾ ಮಾರ್ಜಿನಾಟಾ ತನ್ನ ತಲಿ ತಾನ ಕತ್ತರಿಸ್ಕೊಂಡು, ಹೃದಯ ಸಮೇತ ಮೈಯೆಲ್ಲಾ ಬಿಟ್ಟು ಹರದಾಡಿ, ಹೆಚ್ಚುಕಮ್ಮಿ ಮೂರು ವಾರದಾಗ ಹೊಸ ಮೈ ಬೆಳೆಸ್ಕೊಂತೈತಿ. ಬಿಟ್ಟ ಮೈಗೆ ಮಾತ್ರ ಹೊಸ ತಲಿ ಬರಂಗಿಲ್ಲ. ಹಾವಸೆಗೆ ಆ ತಲಿ-ಮೈ ಲೆಕ್ಕನ ಇಲ್ಲ, ಹರಿದ ಎಲಿ ಚೂರಿನಿಂದನೂ ಹೊಸ ಗಿಡ ಬರಬಹುದು. ಪೇಂಟರ್ ಬಂದಾಗ ಆ ಮೂಲಿ ಬಿಟ್ಟು ಬಳಿಯಪಾ ಅಂದಿದ್ದಕ್ಕ ಅವ್ವ ಬೈದ್ಲು, ಅಂವ ಪೂರ್ತಿ ಕೆರೆದು ಹೋದ. ಕೆರೀಲಿ, ಮಳಿ ಬರಲಿ, ನೋಡೋಣಂತ.