ಎಂಟು ತಿಂಗಳಿಗೇ ಹುಟ್ಟಿದ ಕೂಸು ಯಾವಾಗ ನಕ್ಕೀತು?

"ಮೂರು ತಿಂಗಳಾತು, ಇನ್ನೂ ನಮ್ಮ ಮಾರಿ ನೋಡಿ ನಗವಲ್ದು." ದಿನ ತುಂಬುವ ಮೊದಲೇ ಹುಟ್ಟಿದ ಕೂಸಿರುವ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಓಣಿಯಲ್ಲಿ ಅದೇ ವಾರ ಹುಟ್ಟಿದ ಇನ್ನೊಂದು ಕೂಸು ಆಗಲೇ ಕಿಲಕಿಲ ಅನ್ನುತ್ತಿರುತ್ತದೆ. ಬಂದವರೆಲ್ಲ ಎರಡನ್ನೂ ತೂಗಿ ನೋಡುತ್ತಾರೆ, ಬಾಣಂತಿ ಒಳಗೊಳಗೇ ಕುಗ್ಗುತ್ತಾಳೆ.

ಮಾರಿ ನೋಡಿ ನಗುವುದು ಮಿದುಳು ಬಲಿತ ಮೇಲೆ ಬರುವಂಥದ್ದು. ಕೂಸು ಬೇಗ ಹೊರಗೆ ಬಂದರೆ ಮಿದುಳೂ ಬೇಗ ಬಲಿಯಿತು ಅಂತಲ್ಲ. ಅದಕ್ಕೇ ಎಣಿಕೆಯನ್ನು ಡ್ಯೂ ಡೇಟಿನಿಂದ ಶುರು ಮಾಡಬೇಕು. ಡಾಕ್ಟರು ಇದನ್ನು ಕರೆಕ್ಟೆಡ್ ವಯಸ್ಸು ಅನ್ನುತ್ತಾರೆ: ಬಸಿರಿನ ಪೂರ್ತಿ 40 ವಾರದಲ್ಲಿ ಕೂಸು ಹುಟ್ಟಿದ ವಾರ ಕಳೆಯಿರಿ, ಬಂದದ್ದನ್ನು ಈಗಿನ ವಯಸ್ಸಿನಿಂದ ಕಳೆಯಿರಿ. ಡ್ಯೂ ಡೇಟ್ ಮಾರ್ಚ್ 20 ಇದ್ದು, ಕೂಸು ಜನವರಿ 16ಕ್ಕೇ, ಅಂದರೆ 31 ವಾರಕ್ಕೆ ಹುಟ್ಟಿತು ಅನ್ನಿ. ಒಂಬತ್ತು ವಾರ ಮುಂಚೆ. ದಿಟವಾದ ನಗು ಬರುವುದು ಸಾಮಾನ್ಯವಾಗಿ ಕರೆಕ್ಟೆಡ್ 6ರಿಂದ 8 ವಾರಕ್ಕೆ. ಆ ಕೂಸಿಗೆ ಅದು ಮೇ ತಿಂಗಳ ಮೊದಲ ಹದಿನೈದು ದಿನ. ಹುಟ್ಟಿದ ದಿನದಿಂದ ಎಣಿಸಿದರೆ ಆಗಲೇ ಮೂರೂವರೆ ತಿಂಗಳು ದಾಟಿರುತ್ತದೆ, ಆದರೂ ಕೂಸು ಹಿಂದೆ ಬಿದ್ದಿಲ್ಲ. ಎರಡು ವರ್ಷ ತುಂಬುವವರೆಗೆ ಇದೇ ಲೆಕ್ಕ ನಡೆಯಲಿ.

ಡ್ಯೂ ಡೇಟ್ ತಿಳಿಯಲು ಬಸಿರಿನ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಯದು. ಅದು ಇಲ್ಲದಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ವಾರಗಳನ್ನು ಹಿಡಿಯಿರಿ. ಒಂದು ಎಚ್ಚರಿಕೆ: ತೂಕ ಕಡಿಮೆ ಇದ್ದ ಮಾತ್ರಕ್ಕೆ ಕೂಸು ಅವಧಿಪೂರ್ವ ಆಗುವುದಿಲ್ಲ. 39 ವಾರಕ್ಕೆ 1.8 ಕೆ.ಜಿ. ತೂಗಿ ಹುಟ್ಟಿದ ಕೂಸಿಗೆ ಒಂದು ವಾರವೂ ಕಳೆಯುವಂತಿಲ್ಲ. ಆ ಕೂಸು ಮೂರು ತಿಂಗಳಾದರೂ ನಗದಿದ್ದರೆ "ಸಣ್ಣ ಕೂಸೈತಿ, ತಡ ಆಗ್ತೈತಿ" ಎಂದು ಕೂರಬಾರದು.

ನಿದ್ದೆಯಲ್ಲಿ ತುಟಿ ಅರಳುವುದು ಮೊದಲ ವಾರಗಳಿಂದಲೇ ಇರುತ್ತದೆ. ಕೂಸು ಕಾಯುವ ದೇವತೆ ಶೆಟಿಗೆವ್ವ ನಗಿಸುತ್ತಾಳೆ ಎಂದು ಮನೆಯ ಹಿರಿಯರು ಹೇಳುವುದು ಇದನ್ನೇ. ದಿಟವಾದ ನಗುವಿಗೆ ಕೂಸು ಎಚ್ಚರ ಇರಬೇಕು, ನಿಮ್ಮ ಕಣ್ಣು ನೋಡುತ್ತಿರಬೇಕು, ನಿಮ್ಮ ಮಾರಿಗೋ ದನಿಗೋ ಉತ್ತರವಾಗಿ ನಗು ಬರಬೇಕು.

ಆಡಿಸುವ ರೀತಿಯಲ್ಲೇ ಬಹಳಷ್ಟು ಕೆಡುತ್ತದೆ. ಟ್ಯೂಬ್‌ಲೈಟ್ ಅಥವಾ ಕಿಟಕಿ ಬೆನ್ನಿಗಿಟ್ಟು ಕೂತರೆ ಕೂಸಿಗೆ ಕಾಣುವುದು ಕಪ್ಪು ನೆರಳು. ಬೆಳಕು ನಿಮ್ಮ ಮಾರಿ ಮೇಲೆ ಬೀಳುವಂತೆ ತಿರುಗಿ ಕೂತು, ಕೂಸನ್ನು ಸ್ವಲ್ಪ ಎತ್ತರಿಸಿ ತೊಡೆ ಮೇಲೆ ಮಲಗಿಸಿ, ಒಂದು ಗೇಣಿನಷ್ಟು, ಅಂದರೆ 20ರಿಂದ 30 ಸೆಂ.ಮೀ. ದೂರದಲ್ಲಿ ಮಾರಿ ಇಡಿ. ಒಂದು ಮಾತಾಡಿ, ಸುಮ್ಮನಿದ್ದು ಕಾಯಿರಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಉತ್ತರ ಕೊಡಲು ಹೊತ್ತು ಬೇಕು. ಹತ್ತು ಸೆಕೆಂಡ್ ಹೆಚ್ಚಲ್ಲ. ತೂಗುವುದು, ಹಾಡುವುದು, ಗಿಲಕಿ ಆಡಿಸುವುದು ಒಟ್ಟಿಗೇ ಬೇಡ, ಒಂದು ಸಲಕ್ಕೆ ಒಂದೇ. ಕೂಸು ಮಾರಿ ಆಚೆ ತಿರುಗಿಸಿತು, ಬಿಕ್ಕಳಿಕೆ ಬಂತು, ಆಕಳಿಸಿತು, ಬೆರಳು ಬಿರಿಯಿತು, ಬೆನ್ನು ಬಿಲ್ಲಾಯಿತು ಅಂದರೆ ಅದಕ್ಕೆ ಸಾಕಾಗಿದೆ. ಆಗ ಬೆನ್ನಟ್ಟಿ ನಗಿಸಲು ಹೋದರೆ ಅಳುವೇ ಬರುತ್ತದೆ. ಎದೆಗೊರಗಿಸಿ ಸುಮ್ಮನೆ ಹಿಡಿಯಿರಿ, ತಾನಾಗಿ ತಿರುಗಿ ನೋಡುತ್ತದೆ. ವಿಜಯಪುರದ ಮೇ ಬಿಸಿಲಿನಲ್ಲೂ ಕುಂಚಿಗೆ, ಸ್ವೆಟರ್, ಶಾಲು ಸುತ್ತಿಡುವ ಮನೆಗಳುಂಟು. ಬೆವರಿ ಬಸವಳಿದ ಕೂಸಿನಿಂದ ನಗು ನಿರೀಕ್ಷಿಸಬೇಡಿ; ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿ, ಒದ್ದೆ ಇದ್ದರೆ ಒಂದು ಪದರ ಕಡಿಮೆ ಮಾಡಿ.

ಮುಂದಿನವೂ ಕರೆಕ್ಟೆಡ್ ವಯಸ್ಸಿಗೇ: ಎರಡು ಮೂರು ತಿಂಗಳಿಗೆ 'ಊಂ', 'ಆಂ' ಎಂದು ಮಾತಿಗೆ ಮಾತು, ನಾಲ್ಕರ ಸುಮಾರಿಗೆ ದನಿ ಮಾಡಿ ನಗು, ಒಂಬತ್ತರ ಹೊತ್ತಿಗೆ ಹೆಸರು ಕರೆದರೆ ತಿರುಗುವುದು, ಹೊಸಬರನ್ನು ಕಂಡು ಅಳುವುದು. ವರ್ಷದ ಆಸುಪಾಸು ಟಾಟಾ ಮಾಡುತ್ತದೆ, ಬೆರಳು ತೋರಿಸಿ ಕೇಳುತ್ತದೆ. ವಾರ ಎರಡು ವಾರ ಆಚೀಚೆ ಆದರೆ ಗಾಬರಿ ಬೇಡ.

ಆದರೆ ಈ ಕಳೆಯುವ ಲೆಕ್ಕವನ್ನು ಎಲ್ಲದಕ್ಕೂ ಹಚ್ಚಬಾರದು. ಲಸಿಕೆ ಹುಟ್ಟಿದ ದಿನದಿಂದಲೇ. ಕಣ್ಣಿನ ಆರ್‌ಒಪಿ (ದಿನ ತುಂಬದ ಕೂಸಿನ ಕಣ್ಣಿನ ಹಿಂದಿನ ಪರದೆಗೆ ಬರುವ ರೋಗ) ಪರೀಕ್ಷೆಯೂ ಹಾಗೇ: 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿ 30 ದಿನದೊಳಗೆ, 28 ವಾರಕ್ಕಿಂತ ಮೊದಲು ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು ಮೂರು ವಾರದಲ್ಲೇ. ಈ ರೋಗ ಹೊರಗೆ ಕಾಣುವುದಿಲ್ಲ, ವಾರಗಳಲ್ಲೇ ಕಣ್ಣಿನ ಪರದೆ ಕಿತ್ತುಬರಬಹುದು. ಕಿವಿಗೂ ಅಷ್ಟೇ, ಐದು ದಿನಕ್ಕಿಂತ ಹೆಚ್ಚು ಎಳೆಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದ ಕೂಸಿಗೆ ಒಳಗಿವಿಯನ್ನಷ್ಟೇ ನೋಡುವ ಓಎಇ ಪರೀಕ್ಷೆ ಒಂದೇ ಸಾಲದು, ಕಿವಿಯ ನರವನ್ನೂ ನೋಡುವ ಬೆರಾ ಪರೀಕ್ಷೆ ಕೇಳಿ ಮಾಡಿಸಿ. ನರದ ತೊಂದರೆ ಓಎಇಯಲ್ಲಿ ತಪ್ಪಿಹೋಗುತ್ತದೆ. ಕಾಣದ, ಕೇಳದ ಕೂಸು ನಗಲು ತಡಮಾಡಿದರೆ ವಯಸ್ಸು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಕರೆಕ್ಟೆಡ್ ಮೂರು ತಿಂಗಳಾದರೂ ಮಾರಿ ದಿಟ್ಟಿಸಿ ನೋಡದಿದ್ದರೆ, ನಗದಿದ್ದರೆ ಮುಂದಿನ ಲಸಿಕೆ ದಿನದವರೆಗೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ ಮತ್ತೆ ಹೋಗಿ. ಬಂದಿದ್ದ ನಗುವೋ ದನಿಯೋ ನಿಂತುಹೋದರೆ ಯಾವ ವಯಸ್ಸಿಗೂ ಅದೇ ವಾರ ತೋರಿಸಿ. ಆರ್‌ಬಿಎಸ್‌ಕೆ ಎಂಬ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಇದಕ್ಕೆ ದುಡ್ಡು ಬೇಕಿಲ್ಲ: ಬೆಳಗಾವಿಯವರು ಸರ್ಕಾರಿ ಆಸ್ಪತ್ರೆಯಾದ ಬಿಮ್ಸ್‌ನಲ್ಲಿ, ಬಾಗಲಕೋಟೆ, ವಿಜಯಪುರದವರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೋಡುವ ಕೇಂದ್ರ) ಎಲ್ಲಿ ಎಂದು ಕೇಳಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಕಣ್ಣು ಕಿವಿಯ ರಿಪೋರ್ಟ್ ಒಯ್ಯಿರಿ. ತಾಯಿ ಕಾರ್ಡಿನ ಮೇಲೆ ಡ್ಯೂ ಡೇಟನ್ನೂ ಹುಟ್ಟಿದ ವಾರವನ್ನೂ ದೊಡ್ಡದಾಗಿ ಬರೆದಿಡಿ, ಇಲ್ಲದಿದ್ದರೆ ನೋಡಿದವರೆಲ್ಲ ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ.