ಸ್ಲ್ಯಾಬ್ ಹಾಕುವ ದಿನ ಬಂದ ಹುಡುಗರು

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮದೊಂದು ಕಟ್ಟಡದ ಕೆಲಸ ನಡೆದಿತ್ತು. ಏಪ್ರಿಲ್ ತಿಂಗಳು. ಒಂದು ಡಿಪ್ಲೊಮಾ ಕಾಲೇಜಿನವರು ಫೋನ್ ಮಾಡಿ, ‘ಸಿವಿಲ್ ಓದಿದ ಹುಡುಗರೇ ಈ ಲೈನಿಗೆ ಬರಲು ಹಿಂದೇಟು ಹಾಕ್ತಿದ್ದಾರೆ, ಬಂದು ಒಂದು ತಾಸು ಮಾತಾಡಿ’ ಅಂದರು. ಮಾತು ಬೇಡ, ಸ್ಲ್ಯಾಬ್ ಹಾಕುವ ದಿನ ಸೈಟಿಗೇ ಕಳಿಸಿ ಅಂದೆ. ಬೆಳಿಗ್ಗೆ ಆರಕ್ಕೆ ಬರಬೇಕು, ಬೂಟು ಹಾಕಿಕೊಂಡು ಬರಬೇಕು. ಬಿಸಿಲೇರಿದ ಮೇಲೆ ನಮ್ಮೂರಲ್ಲಿ ಕಬ್ಬಿಣ ಮುಟ್ಟೋಕಾಗಲ್ಲ.

ಬಂದರು. ಅರ್ಧ ಜನ ಚಪ್ಪಲಿಯಲ್ಲೇ.

ನಮ್ಮ ಜಿಲ್ಲೆಯ ಕಥೆ ನೋಡಿದರೆ ನಗು ಬರುತ್ತದೆ. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಫ್ಯಾಕ್ಟರಿಗಳಿವೆ. ಶಹಾಬಾದಿನ ಫರ್ಸಿ ಕಲ್ಲು ಎಷ್ಟೋ ಊರಿನ ಮನೆಗಳ ನೆಲದಲ್ಲಿದೆ. ಇಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಆದರೆ ಗೌಂಡಿ ಕೆಲಸ ಬಲ್ಲವರು ಹೈದರಾಬಾದ್, ಪುಣೆ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಓದಿದವರು ಸರ್ಕಾರಿ ಜೂನಿಯರ್ ಇಂಜಿನಿಯರ್ ಪೋಸ್ಟಿಗೆ ಪರೀಕ್ಷೆ ಬರೆಯುತ್ತಾ ಕೂರುತ್ತಾರೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸರ್ಕಾರಿ ಕೆಲಸದಲ್ಲಿ ನಮ್ಮ ಭಾಗಕ್ಕೆ ಮೀಸಲು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ವರ್ಷಗಟ್ಟಲೆ ಕೋಚಿಂಗ್ ಕ್ಲಾಸಿನಲ್ಲೇ ಕಳೆದು, ಎತ್ತರ ತಗ್ಗು ನೋಡುವ ಒಂದು ಲೆವೆಲ್ ಮಷೀನು ಹಿಡಿಯದೇ ಇಪ್ಪತ್ತೆಂಟಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ಲಾಟ್ ಮಾರೋಕೆ ಮಾತ್ರ ಹುಡುಗರಿಗೆ ಬರಗಾಲವಿಲ್ಲ. ರಿಂಗ್ ರೋಡಿನ ಯಾವ ಚಹಾ ಅಂಗಡಿಯಲ್ಲಿ ನಿಂತರೂ ಬೈಕಿನ ಮೇಲೆ ಲೇಔಟ್ ನಕ್ಷೆ ಹರಡಿಕೊಂಡವನೊಬ್ಬ ಸಿಗುತ್ತಾನೆ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಅಂತ ಮಾಡಿದ 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಪ್ರಾಜೆಕ್ಟಿನ ಪ್ಲಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿರಬೇಕು ಅಂತ ಹೇಳಿದರೆ, ‘ಹೌದೇನ್ರಿ?’ ಅನ್ನುತ್ತಾನೆ. ಅವನನ್ನು ಬೈಯೋಕೆ ಮನಸ್ಸು ಬರಲ್ಲ. ಒಂದು ಪ್ಲಾಟು ಹೋದರೆ ಎಷ್ಟು ಕಮಿಷನ್ ಅಂತ ಅವನಿಗೆ ಗೊತ್ತು. ನಮ್ಮ ಸೈಟಿಗೆ ಸೇರುವವನಿಗೆ ಅಷ್ಟೂ ಗೊತ್ತಿರಲ್ಲ. ‘ಮೊದಲು ಕೆಲಸ ಕಲಿ, ಆಮೇಲೆ ನೋಡೋಣ’ ಅನ್ನುತ್ತೇವೆ. ಆ ‘ಆಮೇಲೆ’ ಯಾವಾಗ ಅಂತ ಯಾರೂ ಹೇಳಲ್ಲ.

ಆ ದಿನ ಮಿಕ್ಸರ್ ಶುರುವಾದ ಮೇಲೆ ಹುಡುಗರು ನೆರಳು ಹುಡುಕಿಕೊಂಡು ಮೊಬೈಲ್ ತೆಗೆದರು. ಕಾಂಕ್ರೀಟು ಗಟ್ಟಿಯಿದೆಯೋ ನೀರಾಗಿದೆಯೋ ಅಂತ ನೋಡುವ ಸ್ಲಂಪ್ ಕೋನ್ ತರಿಸಿದೆ ನಾನು. 300 ಮಿಲಿಮೀಟರ್ ಎತ್ತರದ ಲೋಹದ ಕೋನು, ಮೇಲೂ ಕೆಳಗೂ ಬಾಯಿ. ಕಾಂಕ್ರೀಟನ್ನು ಪದರ ಪದರವಾಗಿ ತುಂಬಬೇಕು, ಒಂದೊಂದು ಪದರಕ್ಕೂ ರಾಡಿನಿಂದ 25 ಸಲ ಕುಟ್ಟಬೇಕು. ಆಮೇಲೆ ಕೋನನ್ನು ನೆಟ್ಟಗೆ ಮೇಲೆತ್ತಬೇಕು. ಒಳಗಿನ ಕಾಂಕ್ರೀಟು ಎಷ್ಟು ಕುಸಿಯಿತು ಅಂತ ಅಳೆಯಬೇಕು. ಪುಸ್ತಕದಲ್ಲಿ ಎಲ್ಲರೂ ಓದಿದ್ದರು. ಕೈಯಲ್ಲಿ ಮಾಡಿದವರು ಯಾರೂ ಇರಲಿಲ್ಲ.

ಚಿತ್ತಾಪುರ ಕಡೆಯ ಹುಡುಗಿಯೊಬ್ಬಳು ಮುಂದೆ ಬಂದಳು. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಬಾಯಲ್ಲಿ ಎಣಿಸುತ್ತಾ ಕುಟ್ಟಿದಳು. ನಮಗೆ ಕುಸಿತ 100 ಮಿಲಿಮೀಟರ್ ಆಸುಪಾಸು ಬೇಕಿತ್ತು. ಕೋನು ಎತ್ತಿದ ಕೂಡಲೇ ಕಾಂಕ್ರೀಟು ಸೆಗಣಿ ಹಾಕಿದ ಹಾಗೆ ಹರಡಿ ಕೂತಿತು.

‘ಸರ್, ನೀರು ಜಾಸ್ತಿ ಆಗ್ಯಾವಲ್ಲ?’ ಅಂದಳು.

ಮಿಕ್ಸರ್ ಹತ್ತಿರದವನು ಎಳೆಯೋಕೆ ಸಲೀಸಾಗಲಿ ಅಂತ ಒಂದು ಬಕೆಟ್ ಹೆಚ್ಚಿಗೆ ಸುರಿದಿದ್ದ. ಆ ಸಲ ಕಲಸಿದ ಕಾಂಕ್ರೀಟು ಪೂರ್ತಿ ಪಕ್ಕಕ್ಕೆ ಹಾಕಿಸಿದೆ. ಹಿರಿಯ ಗೌಂಡಿ ಮೊದಲು ಮುಖ ಗಂಟಿಕ್ಕಿದ, ಆಮೇಲೆ ‘ಯವ್ವಾ, ಮುಂದಿಂದೂ ನೀನೇ ನೋಡು’ ಅಂದ. ಮೊಬೈಲುಗಳು ಒಳಗೆ ಹೋದವು. ಒಬ್ಬ ಕಬ್ಬಿಣದ ಕೆಳಗೆ ಇಡುವ ಕವರ್ ಬ್ಲಾಕ್ ಕಿತ್ತುಹೋದ ಕಡೆಯೆಲ್ಲ ಮತ್ತೆ ಇಡುತ್ತಾ ಓಡಾಡಿದ. ಇನ್ನೊಬ್ಬ ಕಾಂಕ್ರೀಟು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದು ಅಂಗಿ ತುಂಬ ಸಿಮೆಂಟ್ ಹಾಲು ಮಾಡಿಕೊಂಡ.

ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಗೌಂಡಿಯನ್ನು ಕೇಳಿದೆ, ‘ಕಾಕಾ, ನಿಮ್ಮ ಹುಡುಗನ್ನ ಇದಕ್ಕ ಹಚ್ಚಲ್ಲೇನು?’

‘ಒಲ್ಲೆ ರೀ. ಮೊಬೈಲ್ ಅಂಗಡ್ಯಾಗ ಕುಂತಾನ. ಪಗಾರ ಕಮ್ಮಿ, ಖರೆ. ಆದ್ರ ಹೆಣ್ಣು ಕೊಡೋರು ಕೇಳಿದ್ರ ಹೇಳಾಕ ಬರ್ತದ.’

ಹುಡುಗರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಕಾಕಾನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡು ಕೂಡ ಇರಲಿಲ್ಲ. 18ರಿಂದ 60 ವಯಸ್ಸಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದು ಸಿಗುತ್ತದೆ. ಮಾಡಿಸಲು ಒಂದು ದಿನದ ಕೂಲಿ ಹೋಗುತ್ತದೆ ಅಂತ ಮುಂದೂಡುತ್ತಲೇ ಬಂದಿದ್ದ.

ಅಲ್ಲೇ ಆ ಹುಡುಗಿ ಮೂರು ಪ್ರಶ್ನೆ ಕೇಳಿದಳು. ಸೇರಿದರೆ ಮೊದಲ ತಿಂಗಳು ಎಷ್ಟು ಕೊಡ್ತೀರಿ? ವರ್ಷದ ಮೇಲೆ ಎಷ್ಟು? ಸೈಟಿನಲ್ಲಿ ಹೆಣ್ಣುಮಕ್ಕಳಿಗೆ ಬಾತ್‌ರೂಮ್ ಎಲ್ಲಿದೆ? ಅರ್ಧ ಗಂಟೆ ಭಾಷಣ ಮಾಡಿದ್ದರೂ ಈ ಮೂರಕ್ಕೆ ಉತ್ತರ ಸಿಗುತ್ತಿರಲಿಲ್ಲ ಬಿಡಿ.

ಮುಂದಿನ ವಾರ ಪಾರ್ಟ್‌ನರ್ ಜೊತೆ ಕೂತು ಒಂದು ಹಾಳೆ ಬರೆದೆವು. ಟ್ರೈನಿ ಪಗಾರ, ಆರು ತಿಂಗಳಿಗೆ ಏರಿಕೆ, ಮೊದಲು ಕಬ್ಬಿಣದ ಲೆಕ್ಕ, ಆಮೇಲೆ ಲೆವೆಲಿಂಗ್, ಆಮೇಲೆ ಬಿಲ್ಲಿಂಗ್. ಭಾನುವಾರ ರಜೆ. ಬಾಗಿಲಿಗೆ ಚಿಲಕ ಇರುವ ಬಾತ್‌ರೂಮ್. ‘ಕಲಿಸಿದ ಮೇಲೆ ಹೈದರಾಬಾದಿಗೆ ಓಡಿಹೋಗ್ತಾರೆ’ ಅಂತ ಪಾರ್ಟ್‌ನರ್ ತಕರಾರು. ಹೋಗಲಿ ಬಿಡು, ಈಗ ಕಲಿಯದೇ ಓಡಿಹೋಗ್ತಿದ್ದಾರಲ್ಲ ಅಂದೆ.

ಆ ದಿನದ ಕಾಂಕ್ರೀಟಿನಿಂದ ಮಾಡಿಟ್ಟ ಕ್ಯೂಬ್‌ಗಳ ಬಲ ನೋಡುವ 28 ದಿನದ ಟೆಸ್ಟಿಗೆ ಹುಡುಗಿ ತಾನಾಗಿಯೇ ಬಂದಳು. ಆ ಹಾಳೆಯನ್ನೂ ಓದಿದಳು, ಸಹಿ ಮಾಡಲು ಅಪ್ಪನನ್ನು ಕೇಳಿ ಬರ್ತೀನಿ ಅಂದಳು. ಕಾಲೇಜಿನ ಪರೀಕ್ಷೆ ಮುಗಿದ ಮೇಲೆ ಬಂದು ಸೇರಿದಳು, ಜೊತೆಗೆ ವೈಬ್ರೇಟರ್ ಹಿಡಿದಿದ್ದ ಹುಡುಗನೂ.

ಸುದ್ದಿ ಗೌಂಡಿಗೆ ಮುಟ್ಟಿತು. ಒಂದು ಸಂಜೆ ಕರಣಿ ತೊಳೆಯುತ್ತಾ ಕೇಳಿದ, ‘ಆ ಹಾಳಿ ಬರೇ ಓದಿದವ್ರಿಗೇನ್ರಿ? ನಮಗ ಇಲ್ಲೇನು?’

ಅದರ ಮೇಲೆ ನಾನೂ ಪಾರ್ಟ್‌ನರೂ ಇನ್ನೂ ಜಗಳಾಡುತ್ತಿದ್ದೇವೆ. ದಿನಗೂಲಿಯವರಿಗೆ ಹಾಳೆ ಕೊಟ್ಟರೆ ಮಳೆ ಬಂದ ದಿನದ ಲೆಕ್ಕ ಏನು ಅಂತ ಅವನು, ಅದನ್ನೇ ಮೊದಲು ಬರೆಯೋಣ ಅಂತ ನಾನು.