ಕುರುವಿಗೆ ಮೂರನೇ ಸ್ಟ್ರಿಪ್ ಮಾತ್ರೆಗಿಂತ ಮೊದಲು ಕೀವಿನ ಪರೀಕ್ಷೆ

ಡ್ರೆಸ್ಸಿಂಗ್ ರೂಮಿಗೆ ಕುರು ತೋರಿಸಲು ಬಂದವರನ್ನು ಮೊದಲು ಕೇಳಬೇಕಾದ್ದು, ‘ಇಲ್ಲಿಯವರೆಗೆ ಯಾವ ಮಾತ್ರೆ ತಗೊಂಡಿದ್ದೀರಿ?’ ಎಂದು. ಚೀಲದಿಂದ ಹೊರಬರುವುದು ಹೆಚ್ಚಾಗಿ ಇವೇ: ಅಮಾಕ್ಸಿಸಿಲಿನ್, ಅದಕ್ಕೆ ಬಗ್ಗಲಿಲ್ಲವೆಂದು ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಆಮೇಲೆ ಸೆಫಿಕ್ಸಿಮ್. ಹೆಸರು ಬೇರೆ ಬೇರೆ, ಕುಲ ಒಂದೇ.

ಈ ಕುಲದ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಕುರುವಿಗೆ ಹೆಚ್ಚಾಗಿ ಕಾರಣ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ. ಇದೇ ಕುಲದ ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಸ್ಟ್ಯಾಫ್‌ಗೆ ಎಂಆರ್‌ಎಸ್‌ಎ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮೆಕ್‌ಎ ಜೀನ್ ಇರುತ್ತದೆ. ಅದು ಪಿಬಿಪಿ2ಎ ಎಂಬ ಬದಲಿ ಪ್ರೋಟೀನ್ ಮಾಡಿಕೊಡುತ್ತದೆ, ಔಷಧಿ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಕ್ಲಾವುಲನೇಟ್ ಮಾಡುವುದು ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆಯುವ ಕೆಲಸ. ಇಲ್ಲಿ ತೊಂದರೆಯೇ ಬೇರೆ, ಹಾಗಾಗಿ ಅದರಿಂದ ಉಪಯೋಗವಿಲ್ಲ. ಮೆಥಿಸಿಲಿನ್ ಬಂದದ್ದು 1959ರಲ್ಲಿ. 1961ಕ್ಕೇ ಬ್ರಿಟನ್ನಿನಲ್ಲಿ ಅದಕ್ಕೆ ಜಗ್ಗದ ಸ್ಟ್ಯಾಫ್ ಸಿಕ್ಕಿತ್ತು.

ಕೀವು ತುಂಬಿ ಮೆತ್ತಗಾದ ಕುರುವಿಗೆ ಮೊದಲ ಚಿಕಿತ್ಸೆ ಕುಯ್ದು ಕೀವು ತೆಗೆಯುವುದು. ಕೀವಿನ ಗೂಡಿಗೆ ರಕ್ತದ ಓಡಾಟವಿಲ್ಲ, ನುಂಗಿದ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಸುಣ್ಣ-ಬೆಲ್ಲ ಹಚ್ಚಿ ‘ಹಣ್ಣಾಗಲಿ’ ಎಂದು ಕಾಯುವುದು, ಮನೆಯಲ್ಲೇ ಹಿಂಡುವುದು ಬೇಡ. ಹಿಂಡಿದಾಗ ಕೀವು ಒಳಕ್ಕೂ ಹರಡುತ್ತದೆ. ಮೂಗು, ಮೇಲ್ದುಟಿಯ ಕುರುವನ್ನಂತೂ ಮುಟ್ಟಲೇಬಾರದು.

ಪರೀಕ್ಷೆಗೆ ಕೀವಿನ ಸ್ಯಾಂಪಲ್ ತೆಗೆಯುವಲ್ಲೇ ಹೆಚ್ಚು ತಪ್ಪಾಗುತ್ತದೆ. ಹೊರಗೆ ಒಣಗಿದ ಕೀವನ್ನು ಸ್ವಾಬ್‌ನಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲಿನ ಸಾಧು ಬ್ಯಾಕ್ಟೀರಿಯಾಗಳೇ ಬೆಳೆದು ವರದಿ ದಾರಿ ತಪ್ಪಿಸುತ್ತದೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಒಳಗಿನ ಕೀವನ್ನೇ ಸಿರಿಂಜಿನಲ್ಲಿ ಎಳೆಯಬೇಕು. 1 ಮಿಲಿ ಸಿಕ್ಕರೂ ಚಿನ್ನ. ಹೊಸ ಆಂಟಿಬಯಾಟಿಕ್ ಶುರುವಾಗುವ ಮೊದಲೇ ತೆಗೆದು, 2 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಚೀಟಿಯಲ್ಲಿ ಈಗಾಗಲೇ ನುಂಗಿದ ಮಾತ್ರೆಗಳ ಹೆಸರು ಬರೆಯಿರಿ.

ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಔಷಧಿಯ ಡಿಸ್ಕ್ (ಸಣ್ಣ ಬಿಲ್ಲೆ) ಇಟ್ಟು ಎಂಆರ್‌ಎಸ್‌ಎ ಹೌದೋ ಅಲ್ಲವೋ ನೋಡುತ್ತಾರೆ. ಕ್ಲಿಂಡಾಮೈಸಿನ್ ಎಂಬ ಬೇರೆ ಕುಲದ ಆಂಟಿಬಯಾಟಿಕ್ ಕೊಡುವ ಯೋಚನೆಯಿದ್ದರೆ ಡಿ-ಟೆಸ್ಟ್ ಆಗಿದೆಯೇ ಕೇಳಿ. ಎರಿಥ್ರೋಮೈಸಿನ್ ಡಿಸ್ಕ್ ಪಕ್ಕ ಕ್ಲಿಂಡಾಮೈಸಿನ್ ಡಿಸ್ಕ್ ಇಟ್ಟಾಗ, ಕ್ಲಿಂಡಾಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡಗಿರಬೇಕಾದ ಖಾಲಿ ಜಾಗ ಎರಿಥ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ, ಕ್ಲಿಂಡಾಮೈಸಿನ್ ಚಿಕಿತ್ಸೆಯ ನಡುವೆ ಕೈಕೊಡಬಹುದು. ಕೋ-ಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್ ಎಷ್ಟೋ ಸಲ ಕೆಲಸ ಮಾಡುತ್ತವೆ. ಯಾವುದೆಂದು ವರದಿ ನೋಡಿ ವೈದ್ಯರು ಹೇಳಲಿ. ಸಣ್ಣ ಕುರುವಿಗೆ ಕೆಲವೊಮ್ಮೆ ಕೀವು ತೆಗೆದದ್ದೇ ಸಾಕಾಗುತ್ತದೆ.

ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಬೇಡಿ. ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಬಲಿಯುತ್ತದೆ.

ಮತ್ತೆ ಮತ್ತೆ ಕುರು ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ, ಮನೆಮಂದಿಯನ್ನೂ ವಿಚಾರಿಸಿ. ಸುಮಾರು ನೂರರಲ್ಲಿ 30 ಜನರ ಮೂಗಿನಲ್ಲಿ ಸ್ಟ್ಯಾಫ್ ತಣ್ಣಗೆ ಕುಳಿತಿರುತ್ತದೆ, ಅದರಲ್ಲಿ ಎಂಆರ್‌ಎಸ್‌ಎ ಸ್ವಲ್ಪವೇ. ಹರಡುವುದು ಒಂದೇ ಟವೆಲ್, ಒಂದೇ ರೇಜರ್, ಹಾಸ್ಟೆಲ್ಲಿನ ಹಾಸಿಗೆ, ಜಿಮ್ಮಿನ ಬೆಂಚಿನಿಂದ. ವೈದ್ಯರು ಹೇಳಿದರೆ 2% ಮ್ಯುಪಿರೋಸಿನ್ ಮುಲಾಮನ್ನು ಎರಡೂ ಮೂಗಿನ ಹೊಳ್ಳೆಗೆ ದಿನಕ್ಕೆರಡು ಸಲ 5 ದಿನ ಹಚ್ಚಿ, ಜೊತೆಗೆ 4% ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಸ್ನಾನ ಮಾಡಿ. ಆ ದ್ರಾವಣ ಕಣ್ಣು, ಕಿವಿಯೊಳಗೆ ಹೋಗಬಾರದು. ಮ್ಯುಪಿರೋಸಿನ್ ಅನ್ನು ತಿಂಗಳುಗಟ್ಟಲೆ ಹಚ್ಚಿದರೆ ಅದಕ್ಕೂ ಸ್ಟ್ಯಾಫ್ ಬಗ್ಗದಂತಾಗಬಹುದು.

ಗಾಯಕ್ಕೆ ಕಟ್ಟಿದ ಗಾಜ್ ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ, ಹಳೆಯದನ್ನು ಕವರಿಗೆ ಹಾಕಿ ಬಾಯಿ ಕಟ್ಟಿ ಬಿಸಾಡಿ, ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಡಿ. ಗೆರೆ ದಾಟಿ ಹರಡಿದರೆ, ಜ್ವರ ಬಂದರೆ, ಕಾಣುವ ಗಾಯಕ್ಕಿಂತ ನೋವು ಅತಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.